ದ್ವೀಪದ ಸಮಾಧಿಗಳು ಯಾರ ಲೆಕ್ಕ ಹೇಳುತ್ತವೆ?

ಬಸವನಗುಡಿಯಲ್ಲಿ ಭಾನುವಾರ ಸೇರುವ ನಮ್ಮ ಸಣ್ಣ ಓದುಕೂಟದಲ್ಲಿ ಗ್ರೀಸಿನ ದ್ವೀಪಗಳ ಪ್ರಾಚೀನ ಸಮಾಧಿಗಳ ಬಗ್ಗೆ ಮಾತನಾಡುತ್ತ ನಾನು ಚಿನ್ನ, ಅಮೃತಶಿಲೆ, ಕುದುರೆ ಎಂದೆಲ್ಲ ವರ್ಣಿಸುತ್ತಿದ್ದಾಗ, ಇತಿಹಾಸದ ನಿವೃತ್ತ ಮೇಷ್ಟ್ರೊಬ್ಬರು ನಡುವೆ ತಡೆದು, "ಅದೆಲ್ಲ ಸರಿಯಪ್ಪ, ಆ ಊರಿನಲ್ಲಿ ಮಿಕ್ಕವರೂ ಸತ್ತಿರಬೇಕಲ್ಲ, ಅವರನ್ನೆಲ್ಲಿ ಇಟ್ಟರು?" ಎಂದು ಕೇಳಿದರು. "ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ ಮೇಷ್ಟ್ರೇ, ಬರೆದುಕೊಡುತ್ತೇನೆ" ಎಂದೆ. ಈ ಬರಹ ಆ ಬಾಕಿಯ ಸಂದಾಯ. ಸಮಾಧಿಯೊಳಗೆ ಏನಿತ್ತು ಎನ್ನುವುದಕ್ಕಿಂತ ಮೊದಲು ಆ ಸ್ಮಶಾನಕ್ಕೆ ಯಾರಿಗೆ ಪ್ರವೇಶವಿತ್ತು, ಅಲ್ಲಿಗೆ ಏನನ್ನು ಒಯ್ಯಲು ಅನುಮತಿಯಿತ್ತು ಎಂದು ಕೇಳಿಕೊಂಡರೆ, ಈ ದ್ವೀಪಗಳ ಸಮಾಜ ಬೇರೆಯದೇ ರೀತಿಯಲ್ಲಿ ಕಾಣತೊಡಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಸೈಕ್ಲಡೀಸ್ ದ್ವೀಪಗಳನ್ನು ನೋಡೋಣ. ಏಜಿಯನ್ ಸಮುದ್ರದ ನಡುವೆ ಚದುರಿಕೊಂಡಿರುವ ಈ ಕಲ್ಲುನೆಲದ ದ್ವೀಪಗಳಲ್ಲಿ ಸುಮಾರು ಕ್ರಿ.ಪೂ. 3200ರಿಂದ 2000ರವರೆಗೆ ಬದುಕಿದವರ ಮನೆಗಳಿಗಿಂತ ಸಮಾಧಿಗಳೇ ನಮಗೆ ಹೆಚ್ಚು ಪರಿಚಿತ. ಹೆಚ್ಚಿನ ಕಡೆ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಕಲ್ಗೋರಿಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಲ್ಗೋರಿಗಳನ್ನು ಕಂಡವರಿಗೆ ಈ ರಚನೆಯನ್ನು ಊಹಿಸಿಕೊಳ್ಳುವುದು ಕಷ್ಟವಾಗದು, ಆದರೆ ಇವು ಅವಕ್ಕಿಂತ ಬಹಳ ಹಿಂದಿನವು ಮತ್ತು ಕಬ್ಬಿಣವನ್ನೇ ಕಾಣದವು. ಶವವನ್ನು ಮೊಣಕಾಲು ಎದೆಗೆ ತಾಗುವಂತೆ ಮಡಿಸಿ ಒಂದು ಮಗ್ಗುಲಿಗೆ ಮಲಗಿಸುತ್ತಿದ್ದರು. ಒಂದೊಂದು ಸ್ಮಶಾನದಲ್ಲಿ ಸಾಮಾನ್ಯವಾಗಿ ಹದಿನೈದಿಪ್ಪತ್ತು ಸಮಾಧಿಗಳಷ್ಟೇ ಇರುತ್ತವೆ. ಒಂದೆರಡು ಕುಟುಂಬಗಳ ವಸತಿ ಕೆಲವು ತಲೆಮಾರುಗಳ ಕಾಲ ಅಲ್ಲಿ ಬಾಳಿ, ಆಮೇಲೆ ಬೇರೆಡೆಗೆ ಹೋಗಿರಬೇಕೆಂದು ಈ ಸಂಖ್ಯೆಯನ್ನು ನೋಡಿದರೇ ತೋರುತ್ತದೆ. ಇಂಥ ಕಡೆ ರಾಜ, ಪ್ರಜೆ ಎಂಬ ಮಾತಿಗೆ ಅರ್ಥವಿಲ್ಲ.

ಇದಕ್ಕೆ ದೊಡ್ಡ ಅಪವಾದ ಸೈರೋಸ್ ದ್ವೀಪದ ಖಲಾಂಡ್ರಿಯಾನಿ. 1898ರಲ್ಲಿ ಗ್ರೀಕ್ ಪುರಾತತ್ತ್ವಜ್ಞ ಕ್ರಿಸ್ಟೋಸ್ ತ್ಸೂಂತಾಸ್ ಅಲ್ಲಿ ಐನೂರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದರು. ಇವು ಚಪ್ಪಡಿಯ ಪೆಟ್ಟಿಗೆಗಳಲ್ಲ. ಸಣ್ಣ ಕಲ್ಲುಗಳನ್ನು ವರಸೆ ವರಸೆಯಾಗಿ ಒಳಕ್ಕೆ ಚಾಚುತ್ತ ಕಟ್ಟಿ, ಕೊನೆಗೆ ಮೇಲೊಂದು ಕಲ್ಲನ್ನು ಮುಚ್ಚಿದ ಗೂಡುಗಳು. ಪಕ್ಕದಲ್ಲಿ ಒಂದು ಬಾಗಿಲೂ ಇದೆ, ಆದರೆ ಅದು ಎಷ್ಟು ಕಿರಿದೆಂದರೆ ಅದರ ಮೂಲಕ ಶವವನ್ನು ಒಳಗೆ ಸಾಗಿಸಲು ಬರುವಂತಿಲ್ಲ. ಮೇಲಿನಿಂದ ಇಳಿಸಿ, ಆಮೇಲೆ ಮುಚ್ಚುತ್ತಿದ್ದರು. ಬಾಗಿಲು ಶಾಸ್ತ್ರಕ್ಕೆ ಮಾತ್ರ. ಸಾಮಾನ್ಯವಾಗಿ ಒಂದು ಗೂಡಿಗೆ ಒಬ್ಬರೇ.

ಇವುಗಳಲ್ಲಿ ಬಹಳಷ್ಟು ಸಮಾಧಿಗಳಲ್ಲಿ ಏನೂ ಸಿಗಲಿಲ್ಲ, ಅಥವಾ ಒಂದೆರಡು ವಸ್ತುಗಳಷ್ಟೇ ಸಿಕ್ಕವು. ಕೆಲವೇ ಕೆಲವುಗಳಲ್ಲಿ ಅಮೃತಶಿಲೆಯ ಬಟ್ಟಲು, ಬಣ್ಣ ತುಂಬಿಟ್ಟ ಮೂಳೆಯ ಕೊಳವೆ, ತಾಮ್ರದ ಸೂಜಿ, ಮತ್ತು ವಿದ್ವಾಂಸರು ಆಕಾರ ನೋಡಿ 'ಬಾಣಲೆ' ಎಂದು ಹೆಸರಿಟ್ಟ ಮಣ್ಣಿನ ತಟ್ಟೆಗಳಿದ್ದವು. ಒಲೆಯ ಮೇಲೆ ಎಂದೂ ಇಡದ ಈ ಬಾಣಲೆಗಳ ಹೊರಮೈಯಲ್ಲಿ ಸುರುಳಿ ಸುರುಳಿಯಾದ ಅಲೆಗಳ ನಡುವೆ ಸಾಲು ಹುಟ್ಟುಗಳಿರುವ ಉದ್ದನೆಯ ದೋಣಿಯೊಂದನ್ನು ಕೊರೆದಿರುತ್ತಾರೆ. ಇಂಥ ದೋಣಿಯನ್ನು ನಡೆಸಲು ಸುಮಾರು ಇಪ್ಪತ್ತೈದು ಗಟ್ಟಿಮುಟ್ಟಾದ ಗಂಡಸರು ಬೇಕಿದ್ದಿರಬೇಕೆಂದು ಪುರಾತತ್ತ್ವಜ್ಞ ಸಿಪ್ರಿಯನ್ ಬ್ರೂಡ್‌ಬ್ಯಾಂಕ್ ಲೆಕ್ಕ ಹಾಕಿದ್ದಾರೆ. ಐವತ್ತು ಜನರೂ ಇಲ್ಲದ ಊರಿಗೆ ಅಷ್ಟು ತೋಳುಗಳನ್ನು ಒದಗಿಸುವುದು ಆಗದ ಮಾತು. ಖಲಾಂಡ್ರಿಯಾನಿಯಂಥ ಬೆರಳೆಣಿಕೆಯ ದೊಡ್ಡ ಊರುಗಳಿಗೆ ಮಾತ್ರ ಅದು ಸಾಧ್ಯವಿತ್ತು. ಅಂದರೆ ಇಲ್ಲಿನ ಹಿರಿತನ ಭೂಮಿಯ ಮೇಲೆ ನಿಂತದ್ದಾಗಿರಲಿಲ್ಲ. ಜನರನ್ನು ಕೂಡಿಸಿ, ದೋಣಿ ಹತ್ತಿಸಿ, ದೂರದ ದ್ವೀಪದಿಂದ ಲೋಹವನ್ನೂ ಸುದ್ದಿಯನ್ನೂ ತರುವವನಿಗೆ ಅದು ಸಲ್ಲುತ್ತಿತ್ತು ಎಂದು ಈ ವಾದವನ್ನು ಒಪ್ಪಿದವರು ಹೇಳುತ್ತಾರೆ. ನನಗೂ ಅದು ಒಪ್ಪಿಗೆಯೇ.

ಸಮಾಧಿಗಳಲ್ಲಿ ಸಿಗುವ ಇನ್ನೊಂದು ವಸ್ತು ಮೀಲೋಸ್ ದ್ವೀಪದ ಜ್ವಾಲಾಮುಖಿ ಗಾಜಿನ ಅಲಗು. ಕಪ್ಪಗೆ ಹೊಳೆಯುವ, ಬೆರಳಗಲವೂ ಇಲ್ಲದ, ಅಂಚು ಸ್ವಲ್ಪವೂ ಸವೆಯದ ಅಲಗುಗಳು ಇವು. ಸತ್ತವರ ಮೈಯನ್ನು ಸಿದ್ಧಪಡಿಸುವಾಗ ಕೂದಲು ಬೋಳಿಸಲಿಕ್ಕೋ ಮೈಗೆ ಹಚ್ಚೆ ಹಾಕಲಿಕ್ಕೋ ಹೊಸದಾಗಿ ಸೀಳಿ, ಆಮೇಲೆ ಅಲ್ಲೇ ಬಿಟ್ಟು ಹೋಗುತ್ತಿದ್ದಿರಬೇಕೆಂಬ ವಿವರಣೆಯಿದೆ. ಮೂಳೆಯ ಕೊಳವೆಯಲ್ಲಿನ ನೀಲಿ ಬಣ್ಣವನ್ನೂ ತಾಮ್ರದ ಸೂಜಿಯನ್ನೂ ಇದರ ಜೊತೆಗಿಟ್ಟು ನೋಡಿದರೆ, ಆ ಜನ ತಮ್ಮ ಅಂತಸ್ತನ್ನು ಮನೆಯ ಮೇಲೆ ತೋರಿಸಿಕೊಳ್ಳದೆ ಮೈಮೇಲೆ ಬರೆದುಕೊಳ್ಳುತ್ತಿದ್ದರೆಂದು ಕಾಣುತ್ತದೆ. ಮೈ ಕರಗಿಹೋಗಿದೆ, ಬರೆಯುವ ಸಾಮಗ್ರಿ ಮಾತ್ರ ಉಳಿದಿದೆ.

ಇದೇ ಸೈಕ್ಲಡೀಸ್ ಸಮಾಧಿಗಳಲ್ಲಿ ಸಿಗುವ, ಕೈಕಟ್ಟಿ ನಿಂತ ಅಮೃತಶಿಲೆಯ ಬೊಂಬೆಗಳ ವಿಚಾರ ದುಃಖದ್ದು. ಇಪ್ಪತ್ತನೆಯ ಶತಮಾನದಲ್ಲಿ ಯುರೋಪು ಮತ್ತು ಅಮೆರಿಕಾದ ಸಂಗ್ರಾಹಕರು ಅವುಗಳ ಹಿಂದೆ ಬಿದ್ದಾಗ ಕಳ್ಳಗುದ್ದಲಿಗಳು ಸ್ಮಶಾನಗಳನ್ನೇ ಬರಿದು ಮಾಡಿದವು. ಪುರಾತತ್ತ್ವಜ್ಞರಾದ ಡೇವಿಡ್ ಗಿಲ್ ಮತ್ತು ಕ್ರಿಸ್ಟೋಫರ್ ಚಿಪ್ಪಿಂಡೇಲ್ 1993ರಲ್ಲಿ ತೋರಿಸಿದಂತೆ, ತಿಳಿದಿರುವ ಸುಮಾರು 1,600 ಬೊಂಬೆಗಳಲ್ಲಿ ಕ್ರಮಬದ್ಧ ಉತ್ಖನನದಿಂದ ಬಂದವು ಹತ್ತರಲ್ಲಿ ಒಂದರಷ್ಟು. ಮಿಕ್ಕವು ಗಂಡಸಿನ ಪಕ್ಕದಲ್ಲಿದ್ದವೋ ಹೆಂಗಸಿನ ಪಕ್ಕದಲ್ಲಿದ್ದವೋ, ಮಗುವಿನ ಗೋರಿಯಲ್ಲಿದ್ದವೋ ಎಂಬುದು ಶಾಶ್ವತವಾಗಿ ಅಳಿಸಿಹೋಯಿತು. ಗಾಜಿನ ಪೆಟ್ಟಿಗೆಯಲ್ಲಿ ಬೊಂಬೆಯ ಚೆಲುವನ್ನು ಮೆಚ್ಚುವವರು ಆ ಚೆಲುವಿಗೆ ಒಂದು ಸಮಾಜದ ದಾಖಲೆಯನ್ನೇ ಬೆಲೆಯಾಗಿ ತೆತ್ತಿದ್ದೇವೆಂಬುದನ್ನು ನೆನಪಿಡುವುದು ಒಳ್ಳೆಯದು.

ದಕ್ಷಿಣಕ್ಕೆ, ಕ್ರೀಟ್ ದ್ವೀಪದ ಮೆಸಾರಾ ಬಯಲಿಗೆ ಇಳಿದರೆ ಪದ್ಧತಿ ಪೂರ್ತಿ ತಿರುವುಮುರುವು. ಅದೇ ಕಾಲದ ಜನ ಅಲ್ಲಿ ನೆಲದ ಮೇಲೆಯೇ ದುಂಡನೆಯ ಕಲ್ಲಿನ ಸಮಾಧಿಮನೆಗಳನ್ನು ಕಟ್ಟಿ, ಪೂರ್ವಕ್ಕೆ ತಗ್ಗಾದ ಬಾಗಿಲಿಟ್ಟು, ನೂರಾರು ವರ್ಷಗಳ ಕಾಲ ಒಂದೇ ಮನೆಗೆ ತಮ್ಮವರನ್ನೆಲ್ಲ ಸೇರಿಸುತ್ತ ಹೋದರು. ಪ್ಲಾಟನೋಸ್‌ನಲ್ಲಿರುವ ಅತಿ ದೊಡ್ಡದರ ಒಳಗಿನ ವ್ಯಾಸ ಸುಮಾರು 13 ಮೀಟರ್. ಹೊಸ ಶವ ಬಂದಾಗ ಹಳೆಯ ಮೂಳೆಗಳನ್ನು ಬದಿಗೆ ಸರಿಸುತ್ತಿದ್ದರು, ಕೆಲವೊಮ್ಮೆ ತಲೆಬುರುಡೆಗಳನ್ನು ಬೇರೆಯಾಗಿ ಜೋಡಿಸುತ್ತಿದ್ದರು, ಆಗಾಗ ಒಳಗೆ ಬೆಂಕಿ ಹಾಕಿದ ಗುರುತುಗಳೂ ಇವೆ. ಹೊರಗಿನ ಅಂಗಳದಲ್ಲಿ ರಾಶಿ ರಾಶಿ ಕುಡಿಕೆಗಳು ಸಿಗುವುದರಿಂದ ಸತ್ತವರ ಹೆಸರಿನಲ್ಲಿ ಊರವರು ಕೂಡಿ ಉಂಡು ಕುಡಿಯುತ್ತಿದ್ದದ್ದು ಖಚಿತ. ಇಂಥ ಕಡೆ ಈ ಚಿನ್ನದ ಪಟ್ಟಿ ಯಾರದು, ಈ ಮುದ್ರೆ ಯಾರದು ಎಂದು ಕೇಳುವುದೇ ಅಸಂಗತ. ಒಳಗೆ ಹೋದ ಮೇಲೆ ವ್ಯಕ್ತಿ ಇರುವುದಿಲ್ಲ, ವಂಶವಷ್ಟೇ ಇರುತ್ತದೆ. ಆದರೂ ಹೊರಗೆ ಎಲ್ಲರೂ ಸಮಾನರಾಗಿದ್ದರೆಂದು ಇದರಿಂದ ಹೇಳಲಾಗದು. ನಾವೆಲ್ಲ ಒಂದೇ ಎಂದು ಸತ್ತಾಗ ತೋರಿಸಿಕೊಳ್ಳುವ ಅಗತ್ಯ ಅವರಿಗಿತ್ತು ಎಂಬಷ್ಟೇ ನಿಶ್ಚಯ.

ಈಗ ಸಾವಿರ ವರ್ಷಗಳನ್ನು ದಾಟಿ, ಕಂಚಿನ ಯುಗದ ಗ್ರೀಸನ್ನಾಳಿದ ಮೈಸಿನಿಯ ಅರಮನೆಗಳು ಬಿದ್ದುಹೋದ ನಂತರದ ಕಾಲಕ್ಕೆ ಬರುತ್ತೇನೆ. ಬರವಣಿಗೆ ಮರೆತುಹೋಗಿ, ಊರುಗಳು ಕುಗ್ಗಿದ ಈ ಅವಧಿಯನ್ನು ಬಹಳ ಕಾಲ ಕತ್ತಲ ಯುಗವೆಂದೇ ಕರೆಯುತ್ತಿದ್ದರು. ಆ ಮಾತನ್ನು ನಿಲ್ಲಿಸಿದ್ದು ಯೂಬಿಯಾ ದ್ವೀಪದ ಲೆಫ್ಕಾಂಡಿ. ಅಲ್ಲಿನ ಟೂಂಬಾ ಎಂಬ ದಿಬ್ಬದಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ, ಬುಲ್ಡೋಜರಿಗೆ ಒಂದು ಭಾಗ ಸಿಕ್ಕಿ ನಾಶವಾದ ನಂತರ, ಬ್ರಿಟಿಷ್ ಮತ್ತು ಗ್ರೀಕ್ ಪುರಾತತ್ತ್ವಜ್ಞರು ಸುಮಾರು 50 ಮೀಟರ್ ಉದ್ದದ ಒಂದು ಕಟ್ಟಡವನ್ನು ಹೊರತೆಗೆದರು. ಕಾಲ ಸುಮಾರು ಕ್ರಿ.ಪೂ. 950. ಕಲ್ಲಿನ ಅಡಿಪಾಯ, ಮಣ್ಣಿಟ್ಟಿಗೆಯ ಗೋಡೆ, ಒಂದು ತುದಿ ಕಮಾನಿನಂತೆ ದುಂಡು, ಸುತ್ತಲೂ ಮರದ ಕಂಬಗಳ ಸಾಲು. ಗ್ರೀಕರ ಲೋಕದಲ್ಲಿ ಆ ಹೊತ್ತಿಗೆ ಇದರ ಹತ್ತಿರಕ್ಕೆ ಬರುವ ಇನ್ನೊಂದು ಕಟ್ಟಡವಿಲ್ಲ.

ಕಟ್ಟಡದ ನಡುವೆ ನೆಲ ಕೊರೆದು ಮಾಡಿದ ಎರಡು ಗುಂಡಿಗಳಿದ್ದವು. ಒಂದರಲ್ಲಿ ನಾಲ್ಕು ಕುದುರೆಗಳು. ಎರಡರ ಬಾಯಲ್ಲಿ ಕಬ್ಬಿಣದ ಕಡಿವಾಣ ಹಾಗೇ ಇತ್ತು. ಇನ್ನೊಂದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸನ್ನು ಸುಟ್ಟು, ಅಸ್ಥಿಯನ್ನು ಬಟ್ಟೆಯಲ್ಲಿ ಸುತ್ತಿ, ಬೇಟೆಯ ಚಿತ್ರಗಳಿರುವ ಸೈಪ್ರಸ್‌ನ ಕಂಚಿನ ಪಾತ್ರೆಯಲ್ಲಿಟ್ಟು, ಮೇಲೆ ಕಂಚಿನ ಬೋಗುಣಿ ಮುಚ್ಚಿದ್ದರು. ಆ ಬಟ್ಟೆ ಇಂದಿಗೂ ಉಳಿದಿರುವುದು ಅಪರೂಪದಲ್ಲಿ ಅಪರೂಪ. ಪಕ್ಕದಲ್ಲಿ ಕಬ್ಬಿಣದ ಕತ್ತಿ, ಭರ್ಜಿಯ ಮೊನೆ, ಕ್ಷೌರದ ಕತ್ತಿ, ಸಾಣೆಕಲ್ಲು. ಹೆಂಗಸನ್ನು ಸುಟ್ಟಿರಲಿಲ್ಲ. ಕೈಕಾಲುಗಳನ್ನು ಒಂದರ ಮೇಲೊಂದು ಇಟ್ಟು ಮಲಗಿಸಿದ್ದ ಆಕೆಯ ಎದೆಯ ಮೇಲೆ ಚಿನ್ನದ ಬಿಲ್ಲೆಗಳು, ಕೂದಲಿಗೆ ಚಿನ್ನದ ಸುರುಳಿಗಳು, ಕೊರಳಲ್ಲಿ ಬ್ಯಾಬಿಲೋನಿಯಾ ಕಡೆಯ ಒಂದು ಪದಕ. ಆಕೆಯ ಕೊರಳಿಗೆ ಬರುವ ಹೊತ್ತಿಗೇ ಆ ಪದಕಕ್ಕೆ ಹಲವು ಶತಮಾನಗಳ ವಯಸ್ಸಾಗಿತ್ತು. ತಲೆಯ ಹತ್ತಿರ ದಂತದ ಹಿಡಿಯ ಕಬ್ಬಿಣದ ಚೂರಿಯೊಂದಿತ್ತು.

ಈ ಚೂರಿಯನ್ನು ನೋಡಿ ಆಕೆಯನ್ನು ಗಂಡನ ಜೊತೆಗೆ ಬಲಿ ಕೊಟ್ಟರೆಂದು ಹೇಳುವವರು ಬಹಳ. ಸಹಗಮನದ ಮಾಸ್ತಿಕಲ್ಲುಗಳನ್ನು ಊರೂರಲ್ಲಿ ಕಂಡ ನಮಗೆ ಆ ಕಥೆ ಬೇಗ ನಂಬಿಕೆಯಾಗುತ್ತದೆ, ಆದ್ದರಿಂದಲೇ ಎಚ್ಚರ ಬೇಕು: ಮೂಳೆಯ ಮೇಲೆ ಗಾಯದ ಸಾಕ್ಷ್ಯವಿಲ್ಲ, ಮತ್ತು ಇಬ್ಬರೂ ಒಂದೇ ದಿನ ಸತ್ತರೆಂಬುದೂ ಸಿದ್ಧವಾಗಿಲ್ಲ. ಹೋಮರನ ಇಲಿಯಡ್ ಕಾವ್ಯದಲ್ಲಿ ವೀರ ಪ್ಯಾಟ್ರೋಕ್ಲಸ್‌ನ ಚಿತೆಗೆ ನಾಲ್ಕು ಕುದುರೆಗಳನ್ನು ಅರ್ಪಿಸುವುದನ್ನೂ, ಹೆಕ್ಟರ್‌ನ ಅಸ್ಥಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದನ್ನೂ ಓದಿದವರಿಗೆ ಲೆಫ್ಕಾಂಡಿಯ ಗುಂಡಿ ಕಾವ್ಯವೇ ಎದ್ದು ಬಂದಂತೆ ಕಾಣುವುದು ಸಹಜ. ಆದರೆ ಕಾವ್ಯ ಇದಕ್ಕಿಂತ ಎರಡು ಶತಮಾನ ಈಚಿನದು. ಕವಿಯು ಇಂಥ ಶವಸಂಸ್ಕಾರಗಳ ನೆನಪನ್ನು ಹಾಡಿದನೆಂದು ಹೇಳಬಹುದೇ ಹೊರತು, ಇವರು ಕವಿಯನ್ನು ಅನುಸರಿಸಿದರೆಂದು ಹೇಳಲಾಗದು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಮುಂದೆ ನಡೆದದ್ದು. ಅಷ್ಟು ದುಡಿದು ಕಟ್ಟಿದ ಕಟ್ಟಡವನ್ನು ಊರವರು ಬಹುಬೇಗ ತಾವೇ ಭಾಗಶಃ ಕೆಡವಿ, ಒಳಗೆ ಮಣ್ಣು ಕಲ್ಲು ತುಂಬಿ, ಮೇಲೆ ದಿಬ್ಬ ಎಬ್ಬಿಸಿದರು. ಆ ದಿಬ್ಬದ ಪೂರ್ವಕ್ಕೆ ಹೊಸ ಸ್ಮಶಾನವೊಂದು ಬೆಳೆದು, ಸುಮಾರು ಕ್ರಿ.ಪೂ. 825ರವರೆಗೆ ಬಳಕೆಯಲ್ಲಿತ್ತು. ಹತ್ತಿರದಲ್ಲೇ ಬೇರೆ ಸ್ಮಶಾನಗಳೂ ಇದ್ದವು, ಆದರೆ ಈಜಿಪ್ಟ್ ಮತ್ತು ಲೆವಾಂಟ್ (ಮೆಡಿಟರೇನಿಯನ್ ಸಮುದ್ರದ ಪೂರ್ವ ಕರಾವಳಿ) ಕಡೆಯ ಕಂಚು, ಮಣಿ, ಚಿನ್ನ ಹೆಚ್ಚಾಗಿ ಕೂಡಿದ್ದು ಈ ದಿಬ್ಬದ ನೆರಳಿನಲ್ಲಿ ಮಲಗಿದವರ ಬಳಿ. ಮಕ್ಕಳ ಸಮಾಧಿಗಳಲ್ಲೂ ಚಿನ್ನವಿದೆ. ಬದುಕಿ ಏನನ್ನೂ ಗಳಿಸದ ಮಗುವಿಗೆ ಸಿಕ್ಕ ಚಿನ್ನ ಹುಟ್ಟಿನಿಂದ ಬಂದ ಸ್ಥಾನಕ್ಕೆ ಗುರುತು. ಇಲ್ಲಿಯೇ ಮಣ್ಣಿನ ಕಿನ್ನರ, ಅಂದರೆ ಮನುಷ್ಯನ ಮೇಲರ್ಧ ಮತ್ತು ಕುದುರೆಯ ಒಡಲಿನ ಬೊಂಬೆಯೊಂದು ಸಿಕ್ಕಿತು: ತಲೆ ಒಂದು ಸಮಾಧಿಯಲ್ಲಿ, ಮುಂಡ ಇನ್ನೊಂದರಲ್ಲಿ. ಆಕಸ್ಮಿಕವಾಗಿ ಮುರಿದದ್ದು ಹಾಗೆ ಎರಡು ಗೋರಿಗಳಿಗೆ ಹಂಚಿಹೋಗುವುದಿಲ್ಲ. ಆ ಎರಡು ಶವಗಳ ನಡುವಿನ ನಂಟನ್ನು ಊರಿನ ಕಣ್ಣೆದುರು ದಾಖಲಿಸುವ ಬಗೆ ಅದಾಗಿತ್ತು ಎಂದೇ ನಾನು ಓದುತ್ತೇನೆ.

ಯೂಬಿಯಾದವರೇ ಮುಂದೆ ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಇಟಲಿಯ ನೇಪಲ್ಸ್ ಕೊಲ್ಲಿಯ ಇಸ್ಕಿಯಾ ದ್ವೀಪಕ್ಕೆ ಹೋಗಿ ಪಿಥೆಕೂಸೈ ಎಂಬ ನೆಲೆ ಕಟ್ಟಿದರು. ಪುರಾತತ್ತ್ವಜ್ಞ ಜಾರ್ಜೊ ಬುಕ್ನರ್ 1952ರಿಂದ ಅಲ್ಲಿ ಅಗೆದು ತೆಗೆದ ಸಮಾಧಿಗಳು ಸಾವಿರಕ್ಕೂ ಹೆಚ್ಚು. ಅಲ್ಲಿನ ಕ್ರಮ ಹೀಗಿತ್ತು: ದೊಡ್ಡವರಲ್ಲಿ ಹಲವರನ್ನು ಸುಟ್ಟು ಅಸ್ಥಿಯ ಮೇಲೆ ಕಲ್ಲುಗುಪ್ಪೆ ಹಾಕುವುದು, ಬೆಳೆದ ಮಕ್ಕಳನ್ನು ನೆಲದಲ್ಲಿ ಹೂಳುವುದು, ಹಸುಗೂಸುಗಳನ್ನು ಎಣ್ಣೆ ದ್ರಾಕ್ಷಾರಸ ತುಂಬಿ ಬಂದ ದೊಡ್ಡ ಜಾಡಿಗಳನ್ನು ಕತ್ತರಿಸಿ ಅವುಗಳೊಳಗೆ ಇಟ್ಟು ಹೂಳುವುದು. ಇವೆಲ್ಲ ಒಂದೇ ಕುಟುಂಬದ ಜಾಗದಲ್ಲಿ ಒತ್ತೊತ್ತಾಗಿ ಇರುತ್ತವೆ. ಇವರ ನಡುವೆಯೇ ಮೈ ಮುದುಡಿಸಿ, ಪಕ್ಕದಲ್ಲಿ ಏನನ್ನೂ ಇಡದೆ ಹೂತ ದೊಡ್ಡವರೂ ಇದ್ದಾರೆ. ಅವರು ಆಳುಗಳೋ ಗುಲಾಮರೋ ಆಗಿದ್ದಿರಬಹುದೆಂಬ ಊಹೆ ಇದೆ.

ಪಾಶ್ಚಾತ್ಯ ಓದುಗರಿಗೆ ಇದನ್ನು ವಿವರಿಸಲು ಪುಟಗಳು ಬೇಕಾಗುತ್ತವೆ, ಬೆಂಗಳೂರಿನವರಿಗೆ ಬೇಡ. ನಮ್ಮ ಬಡಾವಣೆಯ ರುದ್ರಭೂಮಿಗೆ ಒಮ್ಮೆ ಹೋಗಿ ಬಂದವರಿಗೂ ಇದು ಗೊತ್ತು: ಹಿರಿಯರನ್ನು ಸುಡುವ ಮನೆತನದವರೇ ಎಳೆಯ ಮಗುವನ್ನು ಹೂಳುತ್ತಾರೆ, ಅಲ್ಲಿ ಬಡತನ ಸಿರಿತನದ ಪ್ರಶ್ನೆ ಬರುವುದಿಲ್ಲ, ಲಿಂಗಾಯತರಲ್ಲಿ ಕೋಟ್ಯಧಿಪತಿಯನ್ನೂ ಕೂಲಿಯವನನ್ನೂ ಕ್ರಿಯಾಸಮಾಧಿಯಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ಮೂರು ಸಾವಿರ ವರ್ಷಗಳ ನಂತರ ಯಾರೋ ಇಲ್ಲಿ ಅಗೆದು, ಬೂದಿಯಾದವರು ಮೇಲಿನವರು, ಹೂತವರು ಕೆಳಗಿನವರು, ಏನೂ ಇಲ್ಲದ ಗೋರಿ ಬಡವನದು ಎಂದು ಪಟ್ಟಿ ಮಾಡಿದರೆ ಎಷ್ಟು ಹಾಸ್ಯಾಸ್ಪದವೋ, ಪಿಥೆಕೂಸೈಯನ್ನು ಹಾಗೆ ಓದುವುದೂ ಅಷ್ಟೇ. ಅಲ್ಲಿ ಮೊದಲ ವಿಂಗಡಣೆ ವಯಸ್ಸಿನದು. ಅಂತಸ್ತಿನದು ಆಮೇಲೆ.

ವಯಸ್ಸಿನ ಓದೂ ಸುಲಭವಲ್ಲ ಎನ್ನುವುದಕ್ಕೆ ಅಲ್ಲಿನ ಪ್ರಸಿದ್ಧ 'ನೆಸ್ಟರ್ ಬಟ್ಟಲು' ಸಾಕ್ಷಿ. ಗ್ರೀಕ್ ಅಕ್ಷರಗಳ ಅತಿ ಹಳೆಯ ಬರಹಗಳಲ್ಲಿ ಒಂದಾದ ಮೂರು ಸಾಲಿನ ಪದ್ಯ ಅದರ ಮೇಲಿದೆ. ಇದರಲ್ಲಿ ಕುಡಿದವನನ್ನು ಪ್ರೇಮದೇವತೆ ಆಫ್ರೊಡೈಟಿಯ ಕಾಮನೆ ಹಿಡಿಯುತ್ತದೆ ಎನ್ನುತ್ತದೆ ಪದ್ಯ. ಇದು ಹತ್ತು ಹದಿನಾಲ್ಕರ ನಡುವಿನ ಹುಡುಗನ ಅಸ್ಥಿಯ ಜೊತೆ ಸಿಕ್ಕಿತೆಂದು ದಶಕಗಳ ಕಾಲ ನಂಬಿ, ಬಾಲಕನಿಗೆ ಇಂಥ ಬಟ್ಟಲೇಕೆ ಎಂದು ಬೇಕಾದಷ್ಟು ಬರೆದರು. 2021ರಲ್ಲಿ ಪ್ರಕಟವಾದ ಮೂಳೆಗಳ ಮರುಪರೀಕ್ಷೆಯಲ್ಲಿ ಅವು ಒಬ್ಬರಿಗಿಂತ ಹೆಚ್ಚು ವಯಸ್ಕರವು, ಜೊತೆಗೆ ಪ್ರಾಣಿಗಳ ಮೂಳೆಯೂ ಸೇರಿದೆ ಎಂದು ತಿಳಿದುಬಂತು.

ಅದೇ ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಪಾರೋಸ್ ದ್ವೀಪದಲ್ಲಿ 150ಕ್ಕೂ ಹೆಚ್ಚು ಜಾಡಿಗಳಲ್ಲಿ ಸುಟ್ಟ ಅಸ್ಥಿಗಳನ್ನು ತುಂಬಿ, ಎರಡು ಸಾಮೂಹಿಕ ಗುಂಡಿಗಳಲ್ಲಿ ಇಟ್ಟರು. ಎಲ್ಲರೂ ಗಂಡಸರು, ಹೆಚ್ಚಿನವರು ಪ್ರಾಯದವರು. ಯುದ್ಧದಲ್ಲಿ ಸತ್ತವರನ್ನು ಮನೆಯವರ ಕೈಗೆ ಕೊಡದೆ ಊರೇ ಒಟ್ಟಿಗೆ ಕಳಿಸಿಕೊಟ್ಟದ್ದಕ್ಕೆ ಇದಕ್ಕಿಂತ ಹಳೆಯ ಗ್ರೀಕ್ ನಿದರ್ಶನ ಸಿಗುವುದು ಕಷ್ಟ. ಲೆಫ್ಕಾಂಡಿಯಲ್ಲಿ ಒಬ್ಬನಿಗಾಗಿ ಊರು ದುಡಿದಿತ್ತು. ಇಲ್ಲಿ ಊರಿಗಾಗಿ ಸತ್ತವರಿಗೆ ಊರು ದುಡಿಯಿತು.

ಊರಿನ ಈ ಅಧಿಕಾರ ಎಲ್ಲಿಗೆ ಮುಟ್ಟಿತೆಂಬುದು ಕೆಯೋಸ್ ದ್ವೀಪದ ಯೂಲಿಸ್ ಎಂಬ ಊರಿನಲ್ಲಿ ಸಿಕ್ಕ, ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಭಾಗದ ಶಾಸನದಲ್ಲಿ ಕಾಣುತ್ತದೆ. ಶವಕ್ಕೆ ಹಾಸಲು, ಉಡಿಸಲು, ಹೊದಿಸಲು ಬಿಳಿಯ ಬಟ್ಟೆ ಮೂರಕ್ಕಿಂತ ಹೆಚ್ಚು ಕೂಡದು. ಸಮಾಧಿಗೆ ಒಯ್ಯುವ ದ್ರಾಕ್ಷಾರಸ ಮೂರು ಖೋಸ್, ಅಂದರೆ ಸುಮಾರು ಹತ್ತು ಲೀಟರ್ ಮೀರಬಾರದು, ಎಣ್ಣೆ ಒಂದೇ ಖೋಸ್, ಮತ್ತು ಪಾತ್ರೆಗಳನ್ನು ವಾಪಸು ತರಬೇಕು. ಶವಯಾತ್ರೆ ಸದ್ದಿಲ್ಲದೆ ಸಾಗಬೇಕು. ಮಾರನೆಯ ದಿನ ಸಮುದ್ರದ ನೀರು ಚಿಮುಕಿಸಿ ಮನೆಯನ್ನು ಶುದ್ಧ ಮಾಡಬೇಕು. ಮೂವತ್ತನೆಯ ದಿನದ ವಿಧಿ ಮಾಡಕೂಡದು. ಸೂತಕದ ಮನೆಗೆ ತಾಯಿ, ಹೆಂಡತಿ, ಅಕ್ಕತಂಗಿಯರು, ಹೆಣ್ಣುಮಕ್ಕಳನ್ನು ಬಿಟ್ಟರೆ ಐದಕ್ಕಿಂತ ಹೆಚ್ಚು ಹೆಂಗಸರು ಹೋಗಬಾರದು. ಗೋಳಾಡಿ ಅಳುವ ಹೆಂಗಸರ ಗುಂಪನ್ನು ಚಿಕ್ಕದು ಮಾಡಿದರೆ ದೊಡ್ಡ ಮನೆತನಗಳ ಮೆರೆದಾಟ ತಾನಾಗಿ ಅಡಗುತ್ತದೆಂಬ ಲೆಕ್ಕಾಚಾರ ಇದರ ಹಿಂದೆ ಸ್ಪಷ್ಟ. ಆದರೆ ಕತ್ತರಿ ಬಿದ್ದದ್ದು ಹೆಂಗಸರಿಗೆ ಇದ್ದ ಕೆಲವೇ ಸಾರ್ವಜನಿಕ ಅಧಿಕಾರಗಳಲ್ಲಿ ಒಂದಕ್ಕೆ ಎಂಬುದನ್ನೂ ಮರೆಯುವಂತಿಲ್ಲ.

ಪಾತ್ರೆಗಳನ್ನು ವಾಪಸು ತರಬೇಕೆಂಬ ಆ ಒಂದು ಸಾಲು ಮೇಷ್ಟ್ರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಈ ಕಾನೂನಿಗೆ ತಕ್ಕಂತೆ ನಡೆದ ಶ್ರೀಮಂತನ ಗೋರಿ ಬರಿದಾಗಿಯೇ ಇರುತ್ತದೆ. ಶಾಸನದ ಕಲ್ಲು ಸಿಗದೆ ಗೋರಿ ಮಾತ್ರ ಸಿಕ್ಕಿದ್ದರೆ, ಕೆಯೋಸ್ ದ್ವೀಪ ದಾರಿದ್ರ್ಯಕ್ಕೆ ಬಿದ್ದಿತ್ತೆಂದು ನಾವು ಬರೆಯುತ್ತಿದ್ದೆವು. ಖಲಾಂಡ್ರಿಯಾನಿಯ ಬರಿ ಗೂಡುಗಳ ಕಾಲಕ್ಕೆ ಬರಹವೇ ಇರಲಿಲ್ಲ. ಅಲ್ಲಿ ಬಾಯಿಮಾತಿನ ಕಟ್ಟಳೆ ಇದ್ದಿರಲಾರದೆಂದು ಹೇಳಲು ನಮಗೆ ಆಧಾರವಿಲ್ಲ.

ಸಮಾಧಿ ನೋಡಿ ಜನರನ್ನು ಗುರುತಿಸುವ ಕೆಲಸವನ್ನು ಗ್ರೀಕರೇ ಮೊದಲು ಮಾಡಿದರು. ಕ್ರಿ.ಪೂ. 426ರ ಚಳಿಗಾಲದಲ್ಲಿ ಅಥೆನ್ಸಿನವರು ಅಪೊಲೋ ದೇವನ ಡೆಲೋಸ್ ದ್ವೀಪವನ್ನು ಶುದ್ಧಿ ಮಾಡಲು ಹೊರಟು, ಅಲ್ಲಿನ ಸಮಾಧಿಗಳನ್ನೆಲ್ಲ ಅಗೆದು ಅಸ್ಥಿಗಳನ್ನು ಎದುರಿನ ರೆನಿಯಾ ದ್ವೀಪಕ್ಕೆ ಸಾಗಿಸಿದರು; ಇನ್ನು ಮುಂದೆ ಡೆಲೋಸಿನಲ್ಲಿ ಯಾರೂ ಹೆರುವಂತಿಲ್ಲ, ಸಾಯುವಂತಿಲ್ಲ ಎಂದು ಕಟ್ಟಳೆ ಮಾಡಿದರು. ಹಾಗೆ ತೆರೆದಾಗ ಅರ್ಧಕ್ಕಿಂತ ಹೆಚ್ಚು ಜನ ಈಗಿನ ಟರ್ಕಿಯ ನೈಋತ್ಯ ಭಾಗದ ಕಾರಿಯಾದವರೆಂದು, ಜೊತೆಗಿದ್ದ ಆಯುಧಗಳಿಂದಲೂ ಹೂತ ರೀತಿಯಿಂದಲೂ ತಿಳಿಯಿತೆಂದು ಇತಿಹಾಸಕಾರ ಥ್ಯೂಸಿಡಿಡೀಸ್ ಬರೆದಿದ್ದಾನೆ. ಹಿಂದೆ ಈ ದ್ವೀಪಗಳು ಕಡಲುಗಳ್ಳರ ವಸತಿಯಾಗಿದ್ದವೆಂಬ ತನ್ನ ವಾದಕ್ಕೆ ಅವನು ಇದನ್ನೇ ಆಧಾರ ಮಾಡಿಕೊಂಡ. ಅಥೆನ್ಸಿನವರು ರೆನಿಯಾದಲ್ಲಿ ಮರಳಿ ಹೂತ ಗುಂಡಿ 1898ರಲ್ಲಿ ಸಿಕ್ಕಿ, ಅದರ ಮಡಕೆಗಳು ಈಗ ಮೈಕೊನೋಸ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಹೇರಳವಾಗಿರುವುದು ಅಕ್ಕಪಕ್ಕದ ಗ್ರೀಕ್ ದ್ವೀಪಗಳ ಮಡಕೆಗಳೇ. ಆಯುಧ ನೋಡಿ ಜನಾಂಗ ಹೇಳುವ ಥ್ಯೂಸಿಡಿಡೀಸನ ತರ್ಕ ಚುರುಕಾದದ್ದು, ತೀರ್ಮಾನ ಮಾತ್ರ ಅಷ್ಟು ಭದ್ರವಲ್ಲ.

ಆ ಶುದ್ಧಿಯ ದಿನ ಅಥೆನ್ಸಿನವರು ಎರಡು ಸಮಾಧಿಗಳನ್ನು ಮುಟ್ಟಲಿಲ್ಲ. ಉತ್ತರದಲ್ಲಿದೆಯೆಂದು ನಂಬಿದ್ದ ಪುರಾಣದ ನಾಡು ಹೈಪರ್ಬೋರಿಯಾದಿಂದ ಕಾಣಿಕೆ ಹೊತ್ತು ಬಂದು ಡೆಲೋಸಿನಲ್ಲಿ ತೀರಿಕೊಂಡ ಕನ್ಯೆಯರ ಸಮಾಧಿಗಳೆಂದು ಜನ ಅವನ್ನು ಪೂಜಿಸುತ್ತಿದ್ದರು; ಮದುವೆಗೆ ಮುಂಚೆ ಹುಡುಗಿಯರು ತಮ್ಮ ಕೂದಲ ಎಳೆಯನ್ನು ಕತ್ತರಿಸಿ, ಕದಿರಿಗೆ ಸುತ್ತಿ ಅವುಗಳಲ್ಲೊಂದರ ಮೇಲೆ ಇಡುತ್ತಿದ್ದರೆಂದು ಹೆರೊಡೋಟಸ್ ಹೇಳುತ್ತಾನೆ. ಫ್ರೆಂಚ್ ಪುರಾತತ್ತ್ವಜ್ಞರು ಆ ಜಾಗಗಳನ್ನು ಗುರುತಿಸಿ ಅಗೆದಾಗ ಕಂಚಿನ ಯುಗದ ಮಡಕೆ ಚೂರುಗಳು ಸಿಕ್ಕವು. ಸಾವಿರ ವರ್ಷ ಹಳೆಯ ಆ ಹೆಣಗಳು ಯಾರವೆಂದು ಅಥೆನ್ಸಿನವರಿಗಾಗಲಿ ಡೆಲೋಸಿನವರಿಗಾಗಲಿ ಗೊತ್ತಿರಲು ಸಾಧ್ಯವಿರಲಿಲ್ಲ. ಪಕ್ಕದ ಗೋರಿಯಲ್ಲಿ ತಾತ ಮುತ್ತಾತಂದಿರು ಮಲಗಿದ್ದ ಡೆಲೋಸಿನ ಮನೆಗಳವರು ಮೂಳೆಗಳ ಹಿಂದೆ ದೋಣಿ ಹತ್ತಬೇಕಾಯಿತು, ನಾಲ್ಕು ವರ್ಷಗಳ ನಂತರ ಅವರನ್ನೇ ದ್ವೀಪದಿಂದ ಹೊರಗೆ ಹಾಕಿದರು. ಕನ್ಯೆಯರು ಮಾತ್ರ ದೇವಾಲಯದ ಆವರಣದಲ್ಲೇ ಉಳಿದರು.